ಬೆಂಕಿಯ ಸದ್ದು ನನ್ನ ಪಾಲಿಗೆ ಬಂದಿತ್ತು

ನಮ್ಮ ಮನೆಯಲ್ಲಿ ಯುದ್ಧ ನಡೆಯುತ್ತಿದ್ದುದು ಪಡಸಾಲೆಯಲ್ಲಿ, ಊಟಕ್ಕೆ ಮೊದಲು. ಬ್ರಹ್ಮಪುರದ ಆ ಮನೆಯಲ್ಲಿ ಇದ್ದದ್ದೇ ಮೂರು ಕೋಣೆ: ಹೊರಗೆ ಪಡಸಾಲೆ, ನಡುವೆ ದೇವರ ಕೋಣೆ, ಒಳಗೆ ಹೊಗೆ ಹಿಡಿದ ಅಡುಗೆಮನೆ. ಪಡಸಾಲೆಯ ಫರ್ಶಿ ಕಲ್ಲಿನ ಮೇಲೆ ನಿಂತು ಅಪ್ಪ ಅವ್ವ ಹಿಟ್ಟು ನಾದುವ ಹಿತ್ತಾಳೆ ಪರಾತವನ್ನು ಮೊಣಕಾಲಿಗೆ ಬಡಿದನೆಂದರೆ ಅದು ತೋಪು. ಒಣ ಶೇಂಗಾಕಾಯಿ ಹಿಡಿತುಂಬ ಹಿಡಿದು ಹಿಸುಕಿದರೆ ಬಂದೂಕು. ಖಾಲಿ ಕೊಡದೊಳಗೆ ಬಾಯಿಟ್ಟು ನರಳಿದರೆ ಸಾಯುತ್ತಿರುವ ಮನುಷ್ಯ. ತೊಗರಿ ಕಟ್ಟಿಗೆ ಮುರಿದರೆ ಬೆಂಕಿ, ಆ ಮುರಿಯುವ ಕೆಲಸ ನನ್ನದು. ನನಗಾಗ ಒಂಬತ್ತೋ ಹತ್ತೋ ವರ್ಷ. ಒಂದು ಗುಡಿಸಲು ಉರಿಯುವುದಕ್ಕೆ ಎಷ್ಟು ಕಟ್ಟಿಗೆ ಬೇಕು, ಇಡೀ ಊರಿಗೆ ಎಷ್ಟು, ಸಣ್ಣದನ್ನು ಮೊದಲು ಮುರಿಯಬೇಕೋ ದಪ್ಪನೆಯದನ್ನೋ, ಎಲ್ಲ ನನಗೆ ಕರತಲಾಮಲಕ. ಅಪ್ಪ ಎಡಗೈ ಬೆರಳೆರಡನ್ನು ಮೇಲೆತ್ತಿದರೆ ನಾನು ಬೆಂಕಿ ಹಚ್ಚಬೇಕು, ಮುಷ್ಟಿ ಕಟ್ಟಿದರೆ ನಿಲ್ಲಿಸಬೇಕು. ಆ ಕೆಲಸ ನನಗೆ ಬಹಳ ಸೇರುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಆಗಿನ ಸಿನೆಮಾಕ್ಕೆ ಬಾಯಿ ಇರಲಿಲ್ಲ. ಚಿತ್ರ ಓಡುತ್ತಿತ್ತು, ಮಂದಿ ತುಟಿ ಅಲ್ಲಾಡಿಸುತ್ತಿದ್ದರು, ನಡುನಡುವೆ ಬರುವ ಬರಹ ನಮ್ಮಲ್ಲಿ ಯಾರಿಗೂ ತಿಳಿಯದ ಭಾಷೆಯದು. ಹಾಗಾಗಿ ಪರದೆಯ ಪಕ್ಕ ಒಬ್ಬ ನಿಂತು ಕಥೆ ಹೇಳಬೇಕಿತ್ತು. ಹಗಲು ಅರಿವೆ ಅಂಗಡಿ ನಡೆಸುತ್ತಿದ್ದ, ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹೇಳುತ್ತಿದ್ದ ನನ್ನ ಅಪ್ಪನಿಗೆ ಆ ಕೆಲಸ ಒಲಿದು ಬಂದಿತ್ತು. ಹೈದರಾಬಾದಿನಿಂದ ಒಬ್ಬ ಸೇಠ್ ವರ್ಷಕ್ಕೊಮ್ಮೆ ಬಂದು ಸ್ಟೇಶನ್ ಬಜಾರದಲ್ಲಿ ತಂಬೂ ಹೊಡೆದನೆಂದರೆ ಅಪ್ಪ ಮನುಷ್ಯನೇ ಬೇರೆ. ಅರ್ಧ ಕನ್ನಡ, ಅರ್ಧ ಉರ್ದು, ಗಂಟಲು ಮಾತ್ರ ಗಂಟೆಯಂಥದು. ತಂಬೂದ ನಟ್ಟನಡುವೆ ದೊಡ್ಡ ಬಿಳಿ ಅರಿವೆ ಕಟ್ಟಿ ನೀರು ಚಿಮುಕಿಸುತ್ತಿದ್ದರು. ಮುಂದೆ ಗಂಡಸರು, ಹಿಂದೆ ಹೆಣ್ಣುಮಕ್ಕಳು. ತೊಯ್ದ ಅರಿವೆಯಲ್ಲಿ ಚಿತ್ರ ಹಾದು ಆಚೆಗೂ ಕಾಣುತ್ತಿತ್ತು, ಎಡಬಲ ಅದಲುಬದಲಾಗಿ. ಗೋಷಾದವರು, ಲಿಂಗವಂತರು, ತರಕಾರಿ ಮಾರುವವರು, ಎಲ್ಲ ಹೆಂಗಸರೂ ಅಲ್ಲಿ ಒಂದೇ ಜಮಖಾನೆಯ ಮೇಲೆ ಕುಳಿತು ಅದೇ ತಿರುವುಮುರುವು ಜಗತ್ತನ್ನು ನೋಡುತ್ತಿದ್ದರು. ನಾನು ಸಣ್ಣವಳು, ಅಪ್ಪನ ಕಾಲ ಬಳಿ ಕಟ್ಟಿಗೆಯ ಹೊರೆ ಇಟ್ಟುಕೊಂಡು ಮುಂದೆಯೇ ಕೂಡುತ್ತಿದ್ದೆ.

ಮನೆಯಲ್ಲಿ ಅಪ್ಪನ ಕೈ ಬಹಳ ಹಗುರ. ಪರಾತ ನೆಗ್ಗಿತೆಂದು ಅವ್ವ ಗೊಣಗಿದರೆ ಅದೇ ಪರಾತ ಅವಳ ಬೆನ್ನ ಮೇಲೆ ಬೀಳುತ್ತಿತ್ತು. ಪುಂಡಿಪಲ್ಯಕ್ಕೆ ಉಪ್ಪು ಕಡಿಮೆಯಾಗಿದ್ದಕ್ಕೆ ಊಟದ ಗಂಗಾಳ ಅಂಗಳಕ್ಕೆ ಹಾರಿದ್ದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಹೊಡೆದಾದ ಮೇಲೆ ಅವನೇ ಓಣಿಯವರಿಗೆ ಅದನ್ನು ಹೇಳುತ್ತಿದ್ದ, ಎಷ್ಟು ಸೊಗಸಾಗಿ ಹೇಳುತ್ತಿದ್ದನೆಂದರೆ ಕೇಳಿದವರು ಅವ್ವನದೇ ತಪ್ಪೆಂದು ತಲೆ ಅಲ್ಲಾಡಿಸಿ ಹೋಗುತ್ತಿದ್ದರು. ಒಳಗೆ ಅವ್ವ ಬೆನ್ನಿಗೆ ಅರಿಶಿನ ಎಣ್ಣೆ ಹಚ್ಚಿಸಿಕೊಳ್ಳುತ್ತ ಆ ಮಾತು ಕೇಳುತ್ತಿದ್ದಳು. ಒಮ್ಮೆ ನನ್ನ ಕಡೆ ತಿರುಗಿ, ಹೌದಲ್ಲ, ನಂದ ತಪ್ಪಿರಬೇಕು ಅಂದಳು. ಅವಳು ಚೇಷ್ಟೆಗೆ ಅಂದದ್ದಲ್ಲ.

ಆ ವರ್ಷ ಸೇಠ್ ಒಂದು ಲಡಾಯಿಯ ಚಿತ್ರ ತಂದ. ದೂರದ ದೇಶಗಳಲ್ಲಿ ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ. ಮೊದಲ ಪ್ರದರ್ಶನಕ್ಕೆ ಹಿಂದಿನ ಸಂಜೆ ಸೇಠ್, ಅಪ್ಪ, ನಾನು ಮೂವರೇ ಕುಳಿತು ಅದನ್ನು ಪೂರಾ ನೋಡಿದೆವು. ಕುದುರೆ ಸವಾರರ ಒಂದು ದಂಡು ಒಂದು ಊರಿಗೆ ಬರುತ್ತದೆ. ಮನೆಗಳಿಗೆ ಬೆಂಕಿ ಹಚ್ಚುತ್ತದೆ. ಒಬ್ಬ ಹೆಂಗಸು ಕೂಸನ್ನು ಎತ್ತಿಕೊಂಡು ಹೊರಗೆ ಓಡಿ ಬಂದು, ಏನೋ ಮರೆತವಳ ಹಾಗೆ ಉರಿಯುವ ಬಾಗಿಲ ಕಡೆ ತಿರುಗಿ ನೋಡುತ್ತಾಳೆ. ಒಬ್ಬ ಮುದುಕನನ್ನು ಬಾವಿಗೆ ನೂಕುತ್ತಾರೆ. ಆಮೇಲೆ ಅದೇ ದಂಡು ಮುಂದೆ ಹೋಗಿ ಕೆಸರಿನಲ್ಲಿ ಕಾದಾಡಿ ಹುಳುಗಳಂತೆ ಸಾಯುತ್ತದೆ. ಕೊನೆಯ ಸುರುಳಿಯಲ್ಲಿ ಅವರ ಸರದಾರ ಒಬ್ಬನೇ ಉಳಿದು ಆ ಸುಟ್ಟ ಊರಿಗೆ ಮರಳುತ್ತಾನೆ. ಹೆಂಗಸು ಬೂದಿಯಾದ ಹೊಸ್ತಿಲ ಮೇಲೆ ಕುಳಿತಿದ್ದಾಳೆ, ಕೂಸು ಇಲ್ಲ. ಅವನು ನೀರಿನ ಬುದ್ದಲಿ ಮುಂದೆ ಹಿಡಿಯುತ್ತಾನೆ. ಅವಳು ನೋಡುವುದಿಲ್ಲ. ಅಲ್ಲಿಗೆ ಮುಗಿಯಿತು. ಸೇಠ್‌ಗೆ ಸಿಟ್ಟು ಬಂತು, ಈ ಚಿತ್ರ ತೆಗೆದವನಿಗೆ ತಲೆ ಸರಿಯಿಲ್ಲ, ಅಳುವ ಹೆಂಗಸನ್ನು ನೋಡಲು ಯಾರು ಬರುತ್ತಾರೆ ಅಂದ. ಅದೂ ಅಲ್ಲದೆ, ತಂಬೂದ ಬಾಗಿಲಲ್ಲಿ ಫೌಜಿಗೆ ಭರ್ತಿ ಮಾಡಿಕೊಳ್ಳುವ ಜಮಾದಾರ ಮೇಜು ಹಾಕಿ ಕೂಡುವವನಿದ್ದ, ಹುಡುಗರಿಗೆ ಲಡಾಯಿಯ ಹುರುಪು ಏರಿಸುವ ಚಿತ್ರವೆಂದು ಅವನಿಗೆ ಸೇಠ್ ಮಾತು ಕೊಟ್ಟುಬಿಟ್ಟಿದ್ದ.

ಉಪಾಯ ಹೊಳೆದದ್ದು ಅಪ್ಪನಿಗೆ. ಕೊನೆಯ ಸುರುಳಿ ಡಬ್ಬಿಯಲ್ಲೇ ಇರಲಿ. ಊರು ಸುಡುವವರು ದುಶ್ಮನರು. ಆಮೇಲೆ ಕುದುರೆ ಏರಿ ಬರುವವರು ನಮ್ಮವರು, ಸೇಡು ತೀರಿಸಿಕೊಳ್ಳಲು ಹೊರಟವರು. ಎಲ್ಲರದೂ ಒಂದೇ ನಮೂನೆ ಬಟ್ಟೆ, ಎಲ್ಲರೂ ಬಿಳಿ ಮಾರಿಯವರು, ನಮ್ಮ ಮಂದಿಗೆ ಇವನು ಅವನು ಎಂದು ಗುರುತು ಎಲ್ಲಿ ಹತ್ತುತ್ತದೆ ಅಂದ. ಸೇಠ್ ಅವನ ಬೆನ್ನು ಚಪ್ಪರಿಸಿದ. ನಾನು ಕಟ್ಟಿಗೆ ಜೋಡಿಸುತ್ತ ಎಲ್ಲ ಕೇಳಿಸಿಕೊಂಡೆ. ಈಗ ಮೊಮ್ಮಕ್ಕಳು ನನ್ನನ್ನು ಥೇಟರಿಗೆ ಕರೆದೊಯ್ದು, ಅಜ್ಜೀ, ಇದು ಯುದ್ಧ ಬೇಡ ಅನ್ನುವ ಸಿನೆಮಾ ಎಂದು ತಿಳಿಸಿ ಹೇಳುವಾಗ ನನಗೆ ಒಳಗೊಳಗೇ ನಗು ಬರುತ್ತದೆ. ಅಂಥ ಸಿನೆಮಾ ನಾನು ನೋಡಿದ್ದು ಇವರ ಅಪ್ಪ ಹುಟ್ಟುವ ಮುಂಚೆ, ಮತ್ತು ಅದನ್ನು ತಿರುಗಿಸಿ ಹಾಕಿದವರಲ್ಲಿ ನಾನೂ ಒಬ್ಬಳು. ಚಿತ್ರ ಏನು ಹೇಳುತ್ತದೆ ಎಂಬುದಕ್ಕಿಂತ ಅದರ ಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂಬುದನ್ನು ಮೊದಲು ನೋಡಬೇಕು ಎಂದು ನಾನು ಕಲಿತದ್ದು ಆ ತಂಬೂದಲ್ಲಿ.

ಅಪ್ಪ ಹೇಳಿದ ರೀತಿ ಈಗಲೂ ಕಿವಿಯಲ್ಲಿದೆ. ಕೂಸಿನ ತಾಯಿಗೆ ಅವನು ನಮ್ಮ ಕಡೆಯ ಹೆಸರಿಟ್ಟ. ಬಾವಿಗೆ ಬಿದ್ದ ಮುದುಕನನ್ನು ಊರಗೌಡ ಮಾಡಿದ. ಗಂಡಸರು ಹಲ್ಲು ಕಡಿಯುತ್ತಿದ್ದರು, ಸವಾರರು ಬಂದ ಕೂಡಲೇ ಸೀಟಿ, ಚಪ್ಪಾಳೆ. ಮೂರು ದಿನದಲ್ಲಿ ಹತ್ತಾರು ಹುಡುಗರು ಜಮಾದಾರನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ನಾಲ್ಕನೆಯ ದಿನ ಒತ್ತಿದವನು ನನ್ನ ಅಣ್ಣ ಬಸಣ್ಣ. ಹತ್ತೊಂಬತ್ತು ದಾಟಿದ್ದ, ಗರಡಿಯಲ್ಲಿ ಮೈ ಮಾಡಿಕೊಂಡಿದ್ದ, ಅಪ್ಪನ ಎಲ್ಲ ಹೇಳಿಕೆಗಳನ್ನೂ ಮುಂದಿನ ಸಾಲಿನಲ್ಲಿ ಕುಳಿತು ಕೇಳಿದವನು. ಮನೆಗೆ ಬಂದು, ಭಾನುವಾರದ ಗಾಡಿಗೆ ಹೊರಡುತ್ತೇನೆಂದು ಊಟದ ಹೊತ್ತಿಗೆ ಹೇಳಿದ. ಅವ್ವನ ಕೈಯಿಂದ ರೊಟ್ಟಿ ಜಾರಿತು. ಅಪ್ಪ ಎದ್ದು ನಿಂತ.

“ಅದು ಮಂದಿಗೆ ಹೇಳೋದಲೇ. ನಿನಗ್ಯಾರು ಹೋಗಂದ್ರು?”

“ನೀನ ಅಂದಿ, ಎಪ್ಪಾ. ಮಂದಿಯೊಳಗ ನಾನೂ ಕುಂತಿದ್ದೆ.”

ಅಪ್ಪ ಕೈ ಎತ್ತಿದ. ಅಣ್ಣ ಆ ಕೈಯನ್ನು ಗಾಳಿಯಲ್ಲೇ ಹಿಡಿದ. ಹುಟ್ಟಿದಂದಿನಿಂದ ಪೆಟ್ಟು ತಿಂದವನು ಮೊದಲ ಸಲ ಹಿಡಿದದ್ದು. ಇಬ್ಬರೂ ಹಾಗೇ ನಿಂತು ನೂಕಾಡಿದರು, ಕಂಬಕ್ಕೆ ಬಡಿದರು, ಅಪ್ಪನ ಮೂಗಿನಿಂದ ರಕ್ತ ಬಂದು ಅನ್ನದ ಬೋಗುಣಿಗೆ ಬಿತ್ತು. ಅವ್ವ ಬಿಡಿಸಲು ಹೋಗಿ ಇಬ್ಬರಿಂದಲೂ ಏಟು ತಿಂದಳು. ಮರುದಿನ ಬೆಳಗಾಗುವುದರೊಳಗೆ ಅವಳು ಕಮಲಾಪುರಕ್ಕೆ ಹೋಗುವ ಗಾಡಿಯವನ ಕೈಯಲ್ಲಿ ಆಯಿಗೆ ಹೇಳಿ ಕಳಿಸಿದಳು. ಅಪ್ಪನ ತಾಯಿ ನಮಗೆ ಆಯಿ. ಅಣ್ಣ ಯಾರ ಮಾತನ್ನಾದರೂ ಕೇಳುತ್ತಾನೆಂದರೆ ಅವಳದನ್ನು ಮಾತ್ರ.

ಆಯಿ ಬಂದದ್ದು ಎತ್ತಿನ ಗಾಡಿಯಲ್ಲಿ, ಒಂದು ಗೊನೆ ಕೆಂಪು ಬಾಳೆಹಣ್ಣಿನ ಜೊತೆ. ಗಂಡ ಸತ್ತ ಮೇಲೆ ಹೊಲ ತಾನೇ ನೋಡಿಕೊಂಡು, ಕಮಲಾಪುರದ ಸಂತೆಯಲ್ಲಿ ಗಂಡಸರ ನಡುವೆ ನಿಂತು ಎತ್ತು ಕೊಂಡು ಎತ್ತು ಮಾರಿದ ಹೆಣ್ಣು ಅವಳು. ದನದ ಸುಳಿ ನೋಡಿ ಗುಣ ಹೇಳುತ್ತಿದ್ದಳು. ಒಮ್ಮೆ ನೋಡಿದ ಪ್ರಾಣಿಯನ್ನು ಹತ್ತು ವರ್ಷದ ಮೇಲೂ ಗುರುತು ಹಿಡಿಯುತ್ತಾಳೆಂದು ದಲಾಲರು ಅವಳ ಎದುರು ಬಾಯಿ ಬಿಡಲು ಅಂಜುತ್ತಿದ್ದರು. ಎಡಗೈ ಮೊಣಕೈಯಿಂದ ಕೆಳಗೆ ಸುಟ್ಟ ಕಲೆ, ಚರ್ಮ ನೆರಿಗೆ ನೆರಿಗೆ. ಅದರ ಬಗ್ಗೆ ಕೇಳಿದರೆ ರೊಟ್ಟಿ ಹಂಚು ತಾಗಿದ್ದು ಅನ್ನುತ್ತಿದ್ದಳು. ಅವಳು ಬಂದ ದಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ ನಾನು ಪಡಸಾಲೆಯಲ್ಲಿ ರೂಢಿಗೆಂದು ಕಟ್ಟಿಗೆ ಮುರಿಯತೊಡಗಿದೆ. ಹಿಟ್ಟಿನ ಕೈಯಲ್ಲೇ ಓಡಿಬಂದು ನನ್ನ ಮಣಿಕಟ್ಟು ಹಿಡಿದಳು. ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಒಡೆದು ನನ್ನ ಕೈಗೆ ಚುಚ್ಚಿತು. ಕಟ್ಟಿಗೆ ಕಸಿದುಕೊಂಡು ಹೋಗಿ ಒಲೆಗೆ ತುರುಕಿದಳು.

ಅಣ್ಣನನ್ನು ಎರಡು ದಿನ ಕೂರಿಸಿಕೊಂಡು ಮಾತಾಡಿದಳು. ಅವನು ಬಗ್ಗಲಿಲ್ಲ. ದುಶ್ಮನರು ಹೆಣ್ಣುಮಕ್ಕಳ ಗತಿ ಏನು ಮಾಡುತ್ತಾರೆ ಎಂದು ನೀನೇ ಒಮ್ಮೆ ಕಣ್ಣಿಂದ ನೋಡು, ಆಮೇಲೆ ನೀನೇ ನನಗೆ ವಿಭೂತಿ ಹಚ್ಚಿ ಕಳಿಸುತ್ತಿ ಅಂದ. ಸಿನೆಮಾ ಎಂದರೆ ಏನೆಂದೂ ಅರಿಯದ ಆಯಿ ಅದಕ್ಕೆ ಒಪ್ಪಿದಳು. ಶನಿವಾರ ಸಂಜೆ ಅಣ್ಣ ತಾನೇ ಕೈ ಹಿಡಿದು ಅವಳನ್ನು ಪರದೆಯ ಹಿಂದಿನ ಜಮಖಾನೆಯ ತನಕ ಬಿಟ್ಟು ಬಂದ. ಭರ್ತಿಯಾದ ಹುಡುಗರೆಲ್ಲ ಅಂದು ಮುಂದಿನ ಸಾಲಿನಲ್ಲಿದ್ದರು, ಜಮಾದಾರ ಅವರ ಪಕ್ಕದಲ್ಲಿ.

ಊರು ಉರಿಯತೊಡಗಿತು. ಅಪ್ಪ ಎರಡು ಬೆರಳೆತ್ತಿದ, ನಾನು ಮುರಿದೆ. ಪರದೆಯ ಹಿಂದೆ ಯಾರೋ ಒಮ್ಮೆ ಕಿರುಚಿದ್ದು ಕೇಳಿಸಿತು. ಅದು ಆಯಿ ಎಂದು ನನಗೆ ತಿಳಿಯಿತು, ಆದರೂ ಮುರಿದೆ. ಅಪ್ಪ ಮುಷ್ಟಿ ಕಟ್ಟಿರಲಿಲ್ಲವಲ್ಲ. ಸುರುಳಿ ಬದಲಾಯಿತು, ಸವಾರರು ಕಾಣಿಸಿಕೊಂಡರು, ಅಪ್ಪ ಎದೆಯುಬ್ಬಿಸಿ, ಬಂದರು ನಮ್ಮವರು ಅಂದ. ಸೀಟಿಗಳ ನಡುವೆ ಪರದೆಯ ಆಚೆಯಿಂದ ಒಂದು ಧ್ವನಿ ಬಂತು. ಸಂತೆಯಲ್ಲಿ ಪಳಗಿದ ಆಯಿಯ ಧ್ವನಿ, ಅಪ್ಪನನ್ನು ಹೆಸರು ಹಿಡಿದು ಕರೆಯಿತು.

“ಸಿದ್ರಾಮಾ, ಅದ ಕುದುರಿ ಅದು. ಹಣಿ ಮ್ಯಾಲ ಚಂದ್ರ, ಮುಂಗಾಲ ಒಂದ ಬಿಳಿ. ಊರ ಸುಟ್ಟಾಗ ಬಾವಿ ಕಡೆ ನಿಂತಿದ್ದು ಇದ ಕುದುರಿ.”

ಅಪ್ಪ ಗಲಿಬಿಲಿಗೊಳ್ಳುವವನಲ್ಲ. ದುಶ್ಮನರಿಂದ ನಮ್ಮವರು ಗೆದ್ದು ತಂದ ಕುದುರೆ ಅದು ಎಂದು ತಟ್ಟನೆ ಹೇಳಿದ. ಮಂದಿ ನಕ್ಕು ಚಪ್ಪಾಳೆ ಹೊಡೆದರು. ನನಗೂ ಖುಷಿಯಾಯಿತು, ಅಪ್ಪ ಗೆದ್ದನಲ್ಲ ಎಂದು.

“ಮ್ಯಾಲ ಕುಂತಾಂವನೂ ಅಂವನ ಅದಾನ. ಒಂದ ಭುಜ ಎತ್ತಿ ಕೂಡ್ತಾನ ನೋಡ್ರಿ. ಮುದುಕನ್ನ ಬಾವಿಗಿ ನೂಕಸ್ದಾಂವ ಅಂವನ.”

ಈಗ ಯಾರೂ ನಗಲಿಲ್ಲ. ಮುಂದೆ ಕುಳಿತವರಲ್ಲಿ ಅರ್ಧಕ್ಕರ್ಧ ಒಕ್ಕಲುತನದವರು. ಮನುಷ್ಯರ ಮಾರಿ ಅವರಿಗೆ ಮೋಸ ಮಾಡಬಹುದು, ದನದ ಮೈಬಣ್ಣ ಮಾಡುವುದಿಲ್ಲ. ಒಬ್ಬ ಎದ್ದು ನಿಂತು, ಖರೇ ಅದ, ಅದ ಕುದುರಿ, ನಾನೂ ನೋಡೀನಿ ಅಂದ. ಇನ್ನೊಬ್ಬ, ಹಂಗಾದ್ರ ಸುಟ್ಟೋರು ನಾವೇನು ಎಂದು ಜಮಾದಾರನನ್ನೇ ಕೇಳಿದ. ಜಮಾದಾರ ಬೆತ್ತದಿಂದ ಅವನ ಬಾಯಿಗೆ ಹೊಡೆದ. ಹಲ್ಲು ಮುರಿದು ನನ್ನ ಕಟ್ಟಿಗೆಯ ಹೊರೆಯಲ್ಲಿ ಬಿತ್ತು. ಆಮೇಲೆ ಕಲ್ಲು, ಬಡಿಗೆ, ಚಪ್ಪಲಿ. ತಂಬೂದ ಗೂಟ ಕಿತ್ತು ಹೊಡೆದಾಡಿದರು. ಒಬ್ಬನ ಕಿವಿ ಹರಿದು ಜೋತಾಡುತ್ತಿತ್ತು. ಯಾರದೋ ಕಾಲು ನನ್ನ ಬೆನ್ನ ಮೇಲಿನಿಂದ ಹಾದು ಹೋಯಿತು. ಸೇಠ್‌ನ ಆಳು ಯಂತ್ರ ನಿಲ್ಲಿಸಲು ಮರೆತಿದ್ದ, ಹೊಡೆದಾಡುವವರ ಮೈಮೇಲೆಲ್ಲ ಕುದುರೆಗಳು ಓಡುತ್ತಿದ್ದವು. ತೊಯ್ದ ಅರಿವೆ ಮೇಲಿನಿಂದ ಕೆಳಗೆ ಪರ್ರನೆ ಹರಿಯಿತು, ಹಿಂದೆ ಮಕ್ಕಳನ್ನು ಅವಚಿಕೊಂಡು ಓಡುತ್ತಿರುವ ಹೆಂಗಸರು ಕಂಡರು.

ಹರಿದ ಅರಿವೆಯಲ್ಲಿ ಮೊದಲು ಹಾದು ಹೋದವನು ಅಣ್ಣ. ಗೆಳೆಯರ ಎದುರು ಅವನ ಮಾನ ಹೋಗಿತ್ತು. ನಾನು ಹಿಂದೆಯೇ ಓಡಿದೆ. ನನ್ನ ಮರ್ಯಾದಿ ತೆಗದಿ ಎಂದು ಅವನು ಆಯಿಯ ಕೆನ್ನೆಗೆ ಹೊಡೆದದ್ದನ್ನು ನಾನು ಕಣ್ಣಾರೆ ಕಂಡೆ. ಗರಡಿಯ ಕೈ. ಅವಳು ಗೂಟದ ಮೇಲೆ ಬಿದ್ದಳು, ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಅಣ್ಣ ತನ್ನ ಕೈಯನ್ನೇ ನೋಡುತ್ತ ನಿಂತ. ಆಯಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಅವನನ್ನು ನೋಡಿದಳು.

“ಆಯ್ತು, ಕಲತಿ. ಇನ್ನ ಹೋಗು.”

ಅಣ್ಣ ಭಾನುವಾರ ಹೋದ. ಕಾಲಿಗೆ ಬೀಳಲು ಬಂದಾಗ ಆಯಿ ಗೋಡೆಯ ಕಡೆ ಮಗ್ಗಲು ತಿರುಗಿದಳು. ಸೋಮವಾರ ನಾನು ಅವಳ ಜೊತೆ ಕಮಲಾಪುರಕ್ಕೆ ಹೋದೆ, ಗಾಯಕ್ಕೆ ಅರಿಶಿನ ಹಚ್ಚಲು ಯಾರಾದರೂ ಬೇಕಿತ್ತು. ಅಲ್ಲಿ ಕೊಟ್ಟಿಗೆಯ ಕಟ್ಟೆಯ ಮೇಲೆ ಕುಳಿತು, ನಾನು ಕೇಳದಿದ್ದರೂ, ಕೈಯ ಕಲೆಯ ಕಥೆ ಹೇಳಿದಳು. ಅವಳು ಹರೆಯದವಳಿದ್ದಾಗ ಇಬ್ಬರು ಜಾಗೀರದಾರರ ಸೀಮೆಯ ಜಗಳದಲ್ಲಿ ಒಬ್ಬನ ಸವಾರರು ಬಂದು ಅವರ ಓಣಿಗೆ ಬೆಂಕಿ ಇಟ್ಟರು. ಓಣಿಯವರಿಗೂ ಆ ಜಗಳಕ್ಕೂ ಏನೂ ಸಂಬಂಧವಿರಲಿಲ್ಲ. ಕೊಟ್ಟಿಗೆ ಮುಂದಿತ್ತು, ಮನೆ ಹಿಂದಿತ್ತು. ಎತ್ತುಗಳ ಹಗ್ಗ ಬಿಚ್ಚಿ ಒಳಗೆ ಹೋಗುವಷ್ಟರಲ್ಲಿ ತೊಲೆ ಬಿತ್ತು. ತೊಟ್ಟಿಲಲ್ಲಿ ಅವಳ ಮೊದಲ ಮಗಳು ಇದ್ದಳು, ಅಪ್ಪನಿಗೂ ದೊಡ್ಡವಳು. ನಮ್ಮ ಮನೆಯಲ್ಲಿ ಯಾರೂ ಅವಳ ಹೆಸರು ಎತ್ತಿದ್ದೇ ಇಲ್ಲ.

“ಎತ್ತು ಬಿಚ್ಚಿದೆ ಮೊದಲ. ಸುಟ್ಟೋರ ಮಾರಿ ನೆನಪಿಲ್ಲ ನನಗ. ಓಣಿ ಬಾಯಾಗ ನಿಂತ ಕುದುರಿ ನೆನಪದ. ನೀ ತಂಬೂದಾಗ ಮಾಡ್ತಿಯಲ್ಲ, ಅದ ಸಪ್ಪಳ ಇತ್ತು.”

ಚಿತ್ರದ ಆ ಕುದುರೆ ಎರಡೂ ಸಲ ಒಂದೇ ಎಂದು ನನಗೂ ಗೊತ್ತಿತ್ತು, ಆಯಿ. ಅಂದು ಆ ಮಾತು ಬಾಯಿಗೆ ಬರಲಿಲ್ಲ. ಕೊನೆಯ ಸುರುಳಿ ಡಬ್ಬಿಯಲ್ಲಿದೆ ಎಂದು ಆ ಸಂಜೆ ನಾನು ಒಂದು ಮಾತು ಕೂಗಿದ್ದರೆ ಒಬ್ಬ ಮುದುಕಿ ಒಬ್ಬಳೇ ಕೂಗಬೇಕಾಗುತ್ತಿರಲಿಲ್ಲ. ಅವಳು ಮುಂದಿನ ಚಳಿಗಾಲ ದಾಟಲಿಲ್ಲ. ಈ ವಯಸ್ಸಿನಲ್ಲೂ ಅದಕ್ಕಾಗಿ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಅಣ್ಣ ಎರಡು ಬೇಸಗೆ ಕಳೆದ ಮೇಲೆ ಬಂದ, ಕೈಕಾಲು ಎಲ್ಲ ನೆಟ್ಟಗಿದ್ದವು. ಅವ್ವ ಅದನ್ನೇ ಮುಟ್ಟಿ ಮುಟ್ಟಿ ನೋಡಿದಳು. ಆಯಿ ಹೋದಳೆಂದು ಹೇಳಿದಾಗ ತಲೆ ಆಡಿಸಿದ ಅಷ್ಟೇ. ಅಡುಗೆಮನೆಯಲ್ಲಿ ಒಲೆ ಹೊತ್ತಿಸುವಾಗ ಮಾತ್ರ ಎದ್ದು ಹೊರಗೆ ಹೋಗಿ ಬಾವಿಯ ಕಟ್ಟೆಯ ಮೇಲೆ ಕೂಡುತ್ತಿದ್ದ. ಅಪ್ಪ ಮತ್ತೆ ತಂಬೂಕ್ಕೆ ಹೋಗುತ್ತಿದ್ದ, ಬೇರೆ ಬೇರೆ ಚಿತ್ರ ಹೇಳುತ್ತಿದ್ದ, ಮಗ ಬಂದದ್ದು ಅವನಿಗೆ ದೊಡ್ಡ ಗೆಲುವು. ಒಂದು ಅಮಾವಾಸ್ಯೆಯ ಮಧ್ಯಾಹ್ನ ಹೋಳಿಗೆ ಊಟಕ್ಕೆ ಓಣಿಯವರನ್ನೆಲ್ಲ ಕರೆದ. ಊಟವಾಗಿ ಎಲೆ ಅಡಿಕೆ ಹಾಕಿಕೊಳ್ಳುವಾಗ ಪಡಸಾಲೆಯ ನಡುವೆ ಎದ್ದು ನಿಂತು ಮಗನ ಪರಾಕ್ರಮ ಹೇಳತೊಡಗಿದ. ಅಣ್ಣ ಅವನಿಗೆ ಒಂದು ಮಾತೂ ಹೇಳಿರಲಿಲ್ಲ. ಕೇಳಿ ತಿಳಿಯುವ ಅವಶ್ಯಕತೆ ಅಪ್ಪನಿಗೆ ಯಾವತ್ತೂ ಬಿದ್ದಿರಲಿಲ್ಲ. ಪರಾತ ಬಡಿದ, ಶೇಂಗಾ ಹಿಸುಕಿದ, ದುಶ್ಮನರ ಊರು ಹತ್ತಿರ ಬಂತು ಅಂದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ನೋಡದೆಯೇ ಎಡಗೈ ಬೆರಳೆರಡನ್ನು ಮೇಲೆತ್ತಿದ. ನನ್ನ ಕೈ ಒಲೆಯ ಪಕ್ಕದ ಹೊರೆಯಿಂದ ತಾನಾಗಿಯೇ ಒಂದು ತೊಗರಿ ಕಟ್ಟಿಗೆ ಎತ್ತಿಕೊಂಡಿತು. ಆಗ ಅಣ್ಣ ಮಾತಾಡಿದ. ಎಷ್ಟು ಮೆಲ್ಲಗೆ ಅಂದರೆ ಎಲ್ಲರೂ ಮುಂದಕ್ಕೆ ಬಾಗಿ ಕೇಳಬೇಕಾಯಿತು.

“ನಾ ಹಚ್ಚೀನಿ, ಎಪ್ಪಾ. ನಮ್ಮ ದಂಡಿನೊಳಗ ಹುಲ್ಲಿಗಿ ಕೊಳ್ಳಿ ಇಟ್ಟಾಂವ ನಾನ. ಒಬ್ಬಾಕಿ ಕೂಸು ಎತ್ಕೊಂಡು ಹೊರಗ ಬಂದಳು. ಬಂದು ತಿರುಗಿ ನೋಡಿದಳು. ಒಳಗ ಇನ್ನೊಂದು ಇತ್ತು.”

ಅಣ್ಣ ಅಪ್ಪನನ್ನು ನೋಡುತ್ತಲೇ ಇದ್ದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಣ್ಣವನಿದ್ದಾಗ ಮುಂದಿನ ಸಾಲಿನಲ್ಲಿ ಕುಳಿತು ಹೇಗೆ ನೋಡುತ್ತಿದ್ದನೋ ಹಾಗೇ ನೋಡಿದ.

“ಇದನ್ನ ಹೇಳು, ಎಪ್ಪಾ. ನಿನಗ ಛಂದ ಹೇಳಾಕ ಬರ್ತದಲ್ಲ. ಹ್ಯಾಂಗ ಹೇಳ್ತಿ ಹೇಳು, ನಾ ಕೇಳ್ತೀನಿ.”

ಅಪ್ಪ ಬಾಯಿ ತೆರೆದ. ಪುರಾಣಕ್ಕೆ, ತಂಬೂಕ್ಕೆ, ಅವ್ವನ ಬೆನ್ನಿನ ಬಾಸುಂಡೆಗೆ, ಎಲ್ಲದಕ್ಕೂ ಮಾತಿದ್ದ ಬಾಯಿ ಅದು. ತೆರೆದದ್ದು ತೆರೆದ ಹಾಗೇ ಇತ್ತು. ಅವನ ಎರಡು ಬೆರಳು ಇನ್ನೂ ಮೇಲೆಯೇ ಇದ್ದವು, ಇಳಿಸಬೇಕೆಂದು ಅವನಿಗೆ ತೋಚಲಿಲ್ಲ. ಕಟ್ಟಿಗೆ ನನ್ನ ಕೈಯಲ್ಲಿತ್ತು. ನಾನು ಅದನ್ನು ಮುರಿಯಲಿಲ್ಲ, ಸದ್ದಾಗದ ಹಾಗೆ ನೆಲದ ಮೇಲಿಟ್ಟೆ.